ಸೇತುವೆಯ ಕಲ್ಲಿನ ಮೇಲೆ ಗೀಚಿದ ಗಣಿತ: ವಿಲಿಯಂ ರೋವನ್ ಹ್ಯಾಮಿಲ್ಟನ್

ಬ್ಲೆಂಡರ್ ತೆರೆದು ಒಂದು ಕ್ಯೂಬ್ ಇಟ್ಟು, ಅದನ್ನು ಝಡ್ ಅಕ್ಷದ ಸುತ್ತ 90 ಡಿಗ್ರಿ ತಿರುಗಿಸಿ. ಪಕ್ಕದ ಪ್ಯಾನೆಲ್‌ನಲ್ಲಿ 90 ಅಂತಲೇ ಕಾಣುತ್ತೆ, ಅದರಲ್ಲೇನೂ ವಿಶೇಷ ಇಲ್ಲ. ಈಗ ರೊಟೇಶನ್ ಮೋಡ್ ಅನ್ನು ಕ್ವಾಟರ್ನಿಯನ್‌ಗೆ ಬದಲಾಯಿಸಿ. 90 ಮಾಯ! ಅದರ ಜಾಗದಲ್ಲಿ ನಾಲ್ಕು ಸಂಖ್ಯೆ: 0.707, 0, 0, 0.707. ಕೋಡ್ ಬರೆದು ಅನಿಮೇಶನ್ ಕಲಿಯೋಣ ಅಂತ ಕೂತ ನಮ್ಮಲ್ಲಿ ಹೆಚ್ಚಿನವರು ಇಲ್ಲಿಗೆ ಬಂದಾಗ ಬೆಚ್ಚಿ, ಮೋಡ್ ಅನ್ನು ಹಳೆಯದಕ್ಕೇ ತಿರುಗಿಸಿ ಮುಂದೆ ಹೋಗಿಬಿಡುತ್ತೇವೆ.

ಆದ್ರೆ ಪ್ರಶ್ನೆ ಅಲ್ಲೇ ಉಳಿಯುತ್ತೆ. ಕ್ಯೂಬ್ ತಿರುಗಿದ್ದು ಮೂರು ಆಯಾಮದ ಜಾಗದಲ್ಲಿ. ಸಂಖ್ಯೆ ಯಾಕೆ ನಾಲ್ಕು? ತಿರುಗಿಸಿದ್ದು 90 ಡಿಗ್ರಿ. ಕಾಣುತ್ತಿರುವ 0.707 ಮಾತ್ರ 45 ಡಿಗ್ರಿಯ ಕೊಸೈನ್. ಅರ್ಧ ಕೋನ ಎಲ್ಲಿಂದ ಬಂತು?

ಉತ್ತರ ಹುಡುಕಿಕೊಂಡು ಹೋದರೆ ಸಿಗುವ ಮನುಷ್ಯ ನಮಗೆ ಹೊಸಬನಲ್ಲ. ಮ್ಯಾಟ್ರಿಕ್ಸ್ ಪಾಠದ ಕೇಲಿ–ಹ್ಯಾಮಿಲ್ಟನ್ ಪ್ರಮೇಯ ನೆನಪಿದೆಯಲ್ಲ, ಅದರ ಹ್ಯಾಮಿಲ್ಟನ್. ಗ್ರಾಫ್ ಥಿಯರಿಯ ಹ್ಯಾಮಿಲ್ಟೋನಿಯನ್ ಸೈಕಲ್ ಕೂಡ ಅವನದೇ. ಕ್ವಾಂಟಂ ಮೆಕ್ಯಾನಿಕ್ಸ್‌ನಲ್ಲಿ ಬರೋ ಹ್ಯಾಮಿಲ್ಟೋನಿಯನ್ನೂ ಅವನ ಹೆಸರಿನದೇ. ವೆಕ್ಟರ್, ಸ್ಕೇಲರ್ ಅನ್ನೋ ಪದಗಳಿಗೆ ನಾವು ಇವತ್ತು ಬಳಸೋ ಅರ್ಥ ಬಂದಿದ್ದು ಅವನ ಬರಹಗಳಿಂದ. ಹೆಸರನ್ನು ನಾವು ಪರೀಕ್ಷೆಗೆ ನೂರು ಸಲ ಬರೆದಿದ್ದೇವೆ, ಆ ಮನುಷ್ಯ ಯಾರು ಅಂತ ಮಾತ್ರ ಕೇಳಿಲ್ಲ.

ವಿಲಿಯಂ ರೋವನ್ ಹ್ಯಾಮಿಲ್ಟನ್ ಹುಟ್ಟಿದ್ದು 1805ರ ಆಗಸ್ಟ್‌ನಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ತಂದೆ ವಕೀಲಿ ವೃತ್ತಿಯವನು. ಮೂರು ವರ್ಷದ ಆಸುಪಾಸಿನಲ್ಲೇ ಮಗುವನ್ನು ಟ್ರಿಮ್ ಎಂಬ ಊರಿನಲ್ಲಿ ಶಾಲೆ ನಡೆಸುತ್ತಿದ್ದ ಚಿಕ್ಕಪ್ಪ ಜೇಮ್ಸ್ ಹ್ಯಾಮಿಲ್ಟನ್ ಹತ್ತಿರ ಬಿಟ್ಟರು. ಚಿಕ್ಕಪ್ಪನಿಗೆ ಭಾಷೆಗಳ ಹುಚ್ಚು. ಹುಡುಗ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತ. ಆಮೇಲೆ ಅರಬ್ಬಿ, ಪರ್ಷಿಯನ್, ಹಿಂದೂಸ್ತಾನಿ, ನಮ್ಮ ಸಂಸ್ಕೃತ ಕೂಡ. ಭಾಷಾಪಂಡಿತ ಆಗ್ತಾನೆ ಅಂತಲೇ ಎಲ್ಲರ ಲೆಕ್ಕ.

1813ರಲ್ಲಿ ಲೆಕ್ಕ ತಪ್ಪಿತು. ಅಮೆರಿಕದಿಂದ ಜೆರಾ ಕೋಲ್ಬರ್ನ್ ಎಂಬ ಬಾಲಕ ಡಬ್ಲಿನ್‌ಗೆ ಬಂದಿದ್ದ. ದೊಡ್ಡ ದೊಡ್ಡ ಗುಣಾಕಾರಗಳನ್ನು ಬಾಯಲ್ಲೇ ಮಾಡಿ ತೋರಿಸುತ್ತಿದ್ದ ಹುಡುಗ. ಹ್ಯಾಮಿಲ್ಟನ್‌ನನ್ನು ಅವನ ಎದುರು ಸ್ಪರ್ಧೆಗೆ ನಿಲ್ಲಿಸಿದರು, ಹ್ಯಾಮಿಲ್ಟನ್ ಸೋತ. ಅಲ್ಲಿಯವರೆಗೆ ಸೋತು ಗೊತ್ತಿಲ್ಲದ ಮಗುವಿಗೆ ಆ ಸೋಲು ಸಂಖ್ಯೆಗಳ ಕಡೆ ಕಣ್ಣು ತೆರೆಸಿತು. ಹದಿನೇಳರ ಹೊತ್ತಿಗೆ ಫ್ರಾನ್ಸಿನ ಲಾಪ್ಲಾಸ್ ಬರೆದ ಖಗೋಳ ಯಂತ್ರಶಾಸ್ತ್ರದ ಮಹಾಗ್ರಂಥದಲ್ಲಿ ಒಂದು ತಪ್ಪು ಕಂಡುಹಿಡಿದಿದ್ದ. ಹೌದು, ಲಾಪ್ಲಾಸ್ ಟ್ರಾನ್ಸ್‌ಫಾರ್ಮ್‌ನ ಅದೇ ಲಾಪ್ಲಾಸ್!

1823ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ, ಪ್ರವೇಶ ಪರೀಕ್ಷೆಯಲ್ಲಿ ಮೊದಲಿಗ. ಮರುವರ್ಷ ಕ್ಯಾಥರೀನ್ ಡಿಸ್ನಿ ಎಂಬ ಹುಡುಗಿಯ ಪರಿಚಯವಾಯಿತು, ಪ್ರೀತಿಯೂ ಆಯಿತು. ಓದುತ್ತಿರುವ ಹುಡುಗ, ಕೈಯಲ್ಲಿ ಸಂಪಾದನೆ ಇಲ್ಲ. ಮನೆಯವರು ಅವಳನ್ನು ವಯಸ್ಸಿನಲ್ಲಿ ದೊಡ್ಡವನಾದ, ನೆಲೆ ಕಂಡ ಒಬ್ಬ ಪಾದ್ರಿಗೆ ಕೊಟ್ಟು ಮದುವೆ ಮಾಡಿದರು. 1825ರಲ್ಲಿ ಸುದ್ದಿ ತಿಳಿದ ಹ್ಯಾಮಿಲ್ಟನ್ ಕಾಯಿಲೆ ಬಿದ್ದ. ಈ ನೋವು ಬದುಕಿನ ಕೊನೆಯವರೆಗೂ ಅವನನ್ನು ಬಿಡಲಿಲ್ಲ.

1827ರಲ್ಲಿ ನಂಬೋಕೆ ಕಷ್ಟವಾದ ಒಂದು ಸಂಗತಿ ನಡೆಯಿತು. ಇನ್ನೂ ಡಿಗ್ರಿ ಮುಗಿಸಿರದ ವಿದ್ಯಾರ್ಥಿಯನ್ನು ಅದೇ ಕಾಲೇಜು ಖಗೋಳಶಾಸ್ತ್ರದ ಪ್ರೊಫೆಸರ್ ಆಗಿ ನೇಮಿಸಿಕೊಂಡಿತು. ಜೊತೆಗೆ ಐರ್ಲೆಂಡಿನ ರಾಜ ಖಗೋಳಜ್ಞ ಅನ್ನೋ ಪದವಿ. ವಯಸ್ಸು ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ, ಅಂದ್ರೆ ನಮ್ಮ ಫೈನಲ್ ಇಯರ್‌ನವರ ವಯಸ್ಸು. ಡಬ್ಲಿನ್ ಹೊರವಲಯದ ಡನ್‌ಸಿಂಕ್ ವೀಕ್ಷಣಾಲಯಕ್ಕೆ ವಾಸ ಬದಲಾಯಿಸಿದ, ಸಾಯುವವರೆಗೂ ಅಲ್ಲೇ ಇದ್ದ. ಆದ್ರೆ ದೂರದರ್ಶಕಕ್ಕಿಂತ ಕಾಗದ, ಲೇಖನಿ ಹಿಡಿದು ಕಳೆದ ಹೊತ್ತೇ ಜಾಸ್ತಿ.

1832ರಲ್ಲಿ ಬೆಳಕಿನ ಗಣಿತ ಮಾಡುತ್ತಾ, ಕೆಲವು ಬಗೆಯ ಹರಳುಗಳೊಳಗೆ ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಹೋದ ಕಿರಣ ಟೊಳ್ಳು ಶಂಕುವಿನ ಆಕಾರದಲ್ಲಿ ಹರಡಬೇಕು ಅಂತ ಹೇಳಿದ. ಅದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಸಹೋದ್ಯೋಗಿ ಹಂಫ್ರಿ ಲಾಯ್ಡ್ ಅರಗೊನೈಟ್ ಹರಳು ಹಿಡಿದು ಪ್ರಯೋಗ ಮಾಡಿದಾಗ ಶಂಕು ಕಂಡೇ ಬಿಟ್ಟಿತು. ಹ್ಯಾಮಿಲ್ಟನ್ ಹೆಸರು ಯೂರೋಪಿಗೆಲ್ಲ ಗೊತ್ತಾಯಿತು.

1834, 1835ರ ಎರಡು ಪ್ರಬಂಧಗಳಲ್ಲಿ ನ್ಯೂಟನ್ನನ ಚಲನೆಯ ನಿಯಮಗಳನ್ನು ಹೊಸ ರೂಪಕ್ಕೆ ತಂದ. ವಸ್ತುವಿನ ಸ್ಥಾನ ಮತ್ತು ಸಂವೇಗ ಎರಡನ್ನೂ ಸರಿಸಮಾನವಾಗಿ ಇಟ್ಟುಕೊಂಡು, ಒಟ್ಟು ಶಕ್ತಿಯಿಂದ ಚಲನೆಯನ್ನು ಹೊರಡಿಸೋ ದಾರಿ ಅದು. ಇದಕ್ಕೂ ಅನಿಮೇಶನ್‌ಗೂ ಏನು ಸಂಬಂಧ ಅಂತೀರಾ? ಸೂರ್ಯನ ಸುತ್ತ ಗ್ರಹ ಸುತ್ತೋ ಪ್ರೋಗ್ರಾಂ ಬರೆದು ನೋಡಿ. ಪ್ರತಿ ಫ್ರೇಮ್‌ನಲ್ಲಿ ಹಳೆಯ ವೇಗ ಹಾಕಿ ಸ್ಥಾನ ಬದಲಾಯಿಸಿ, ಹಳೆಯ ಸ್ಥಾನದಿಂದ ಲೆಕ್ಕ ಹಾಕಿದ ಬಲದಿಂದ ವೇಗ ಬದಲಾಯಿಸಿದರೆ, ಗ್ರಹ ಸುರುಳಿ ಸುರುಳಿಯಾಗಿ ಹೊರಗೆ ಹೋಗುತ್ತಾ ಕೊನೆಗೆ ಪರದೆಯಿಂದಲೇ ಮಾಯವಾಗುತ್ತೆ. ಸಾಲಿನ ಕ್ರಮ ಬದಲಿಸಿ, ಮೊದಲು ವೇಗ ಬದಲಾಯಿಸಿ ಆ ಹೊಸ ವೇಗದಿಂದ ಸ್ಥಾನ ಲೆಕ್ಕ ಹಾಕಿ. ಫ್ರೇಮ್‌ನ ಕಾಲಾಂತರ ಸಾಕಷ್ಟು ಚಿಕ್ಕದಿದ್ದರೆ ಗ್ರಹ ತನ್ನ ಪಾಡಿಗೆ ಸುತ್ತುತ್ತಲೇ ಇರುತ್ತೆ. ಮೊದಲ ವಿಧಾನ ಪ್ರತಿ ಹೆಜ್ಜೆಗೂ ಸುಳ್ಳು ಶಕ್ತಿ ಸೇರಿಸುತ್ತೆ, ಎರಡನೆಯದು ಹ್ಯಾಮಿಲ್ಟನ್ ತೋರಿಸಿದ ಆ ಸ್ಥಾನ–ಸಂವೇಗದ ರಚನೆಯನ್ನು ಕೆಡಿಸೋದಿಲ್ಲ. ಗೇಮ್‌ಗಳ ಫಿಸಿಕ್ಸ್ ಎಂಜಿನ್‌ಗಳಲ್ಲಿ ಈ ಎರಡನೆಯ ವಿಧಾನ ಚೆನ್ನಾಗಿ ಬಳಕೆಯಲ್ಲಿದೆ.

1833ರಲ್ಲಿ ಹೆಲೆನ್ ಬೇಲಿ ಜೊತೆ ಮದುವೆಯಾಯಿತು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. 1835ರಲ್ಲಿ ಸರ್ ಪದವಿ, 1837ರಲ್ಲಿ ರಾಯಲ್ ಐರಿಷ್ ಅಕಾಡೆಮಿಯ ಅಧ್ಯಕ್ಷ ಸ್ಥಾನ. ಹೊರಗಿನಿಂದ ನೋಡಿದವರಿಗೆ ಇನ್ನೇನು ಬೇಕು ಅನ್ನಿಸುವ ಬದುಕು. ಆದ್ರೆ ಅವನ ತಲೆಯೊಳಗೆ ಒಂದು ಹುಳ ಕೊರೆಯುತ್ತಲೇ ಇತ್ತು.

ಆ ಹುಳ ಏನು ಅಂದ್ರೆ, ಕಾಂಪ್ಲೆಕ್ಸ್ ಸಂಖ್ಯೆಯನ್ನು ಎರಡು ಸಾಮಾನ್ಯ ಸಂಖ್ಯೆಗಳ ಜೋಡಿ ಅಂತ ನೋಡಬಹುದು ಎಂದು ಅವನು ಆಗಲೇ ತೋರಿಸಿದ್ದ. ಇಂಥ ಎರಡು ಜೋಡಿಗಳನ್ನು ಗುಣಿಸಿದರೆ ಸಮತಲದಲ್ಲಿ ತಿರುಗುವಿಕೆ ಸಿಗುತ್ತೆ. 2ಡಿ ಅನಿಮೇಶನ್‌ನಲ್ಲಿ ಚಕ್ರ ತಿರುಗಿಸೋಕೆ ಇಷ್ಟು ಸಾಕು. ಹಾಗಾದ್ರೆ ಮೂರು ಸಂಖ್ಯೆಗಳ ಗುಂಪಿನಿಂದ ನಾವಿರೋ ಜಾಗದಲ್ಲಿ ತಿರುಗೋಕೆ ಆಗಬೇಕಲ್ವಾ? ಕೂಡೋದು, ಕಳೆಯೋದು ಸಲೀಸು. ಗುಣಿಸೋದು ಮಾತ್ರ ವರ್ಷಗಟ್ಟಲೆ ಕೈಗೆ ಸಿಗಲಿಲ್ಲ. 1843ರ ಅಕ್ಟೋಬರ್ ಮೊದಲ ವಾರಗಳಲ್ಲಿ ಬೆಳಗಿನ ತಿಂಡಿಗೆ ಇಳಿದು ಬಂದಾಗಲೆಲ್ಲ ಮಕ್ಕಳು, ಮೂರರ ಗುಂಪನ್ನು ಗುಣಿಸೋಕೆ ಬಂತಾ ಅಂತ ಕೇಳುತ್ತಿದ್ದರಂತೆ. ಇಲ್ಲ, ಕೂಡಿ ಕಳೆಯೋದಷ್ಟೇ ಗೊತ್ತು ಅಂತ ಅಪ್ಪ ತಲೆ ಅಲ್ಲಾಡಿಸುತ್ತಿದ್ದ.

1843ರ ಅಕ್ಟೋಬರ್ 16, ಸೋಮವಾರ. ಅಕಾಡೆಮಿಯ ಸಭೆಗೆ ಹೆಂಡತಿಯ ಜೊತೆ ರಾಯಲ್ ಕಾಲುವೆಯ ದಂಡೆ ಹಿಡಿದು ನಡೆದು ಹೋಗುತ್ತಿದ್ದ. ಹೆಂಡತಿ ಆಗಾಗ ಏನೋ ಮಾತಾಡುತ್ತಿದ್ದಳು, ಇವನ ಮನಸ್ಸು ಬೇರೆಲ್ಲೋ ಇತ್ತು. ಬ್ರೂಮ್ ಸೇತುವೆಯ ಹತ್ತಿರ ಬಂದಾಗ ಥಟ್ಟನೆ ಹೊಳೆಯಿತು. ಮೂರು ಸಾಲದು, ನಾಲ್ಕು ಬೇಕು. ಕಿಸೆಯ ಪುಸ್ತಕದಲ್ಲಿ ಬರೆದುಕೊಂಡ. ಅಷ್ಟಕ್ಕೆ ಸಮಾಧಾನ ಆಗದೆ ಚಾಕು ತೆಗೆದು ಸೇತುವೆಯ ಕಲ್ಲಿನ ಮೇಲೆ ಸೂತ್ರ ಕೆತ್ತಿದ: ಐ, ಜೆ, ಕೆ ಪ್ರತಿಯೊಂದರ ವರ್ಗವೂ ಮೈನಸ್ 1. ಮೂರನ್ನೂ ಸಾಲಾಗಿ ಗುಣಿಸಿದರೂ ಮೈನಸ್ 1.

ನಾಲ್ಕು ಯಾಕೆ? ಲೆಕ್ಕ ಹಾಕಿ ನೋಡೋಣ. ಜಾಗದಲ್ಲಿ ಒಂದು ಬಾಣವನ್ನು ಇನ್ನೊಂದು ಬಾಣವಾಗಿ ಬದಲಾಯಿಸಬೇಕು. ಯಾವ ಅಕ್ಷದ ಸುತ್ತ ತಿರುಗಿಸಬೇಕು ಅಂತ ಹೇಳೋಕೆ ಎರಡು ಸಂಖ್ಯೆ, ಎಷ್ಟು ತಿರುಗಿಸಬೇಕು ಅನ್ನೋದಕ್ಕೆ ಒಂದು, ಎಷ್ಟು ಉದ್ದ ಮಾಡಬೇಕು ಅನ್ನೋದಕ್ಕೆ ಇನ್ನೊಂದು. ಒಟ್ಟು ನಾಲ್ಕು.

ಇದಕ್ಕಾಗಿ ಅವನು ಒಂದು ಬೆಲೆ ತೆರಬೇಕಾಯಿತು. ಐ ಅನ್ನು ಜೆಯಿಂದ ಗುಣಿಸಿದರೆ ಕೆ. ಜೆ ಅನ್ನು ಐಯಿಂದ ಗುಣಿಸಿದರೆ ಮೈನಸ್ ಕೆ. ಎರಡು ಮೂರಲಿ ಆರು, ಮೂರು ಎರಡಲಿ ಆರು ಅಂತ ಮಗ್ಗಿಯಲ್ಲಿ ಕಲಿತ ನಿಯಮವನ್ನೇ ಕೈಬಿಟ್ಟ. ಆ ಕಾಲಕ್ಕೆ ಅದು ಸಣ್ಣ ಧೈರ್ಯ ಅಲ್ಲ. ಆದ್ರೆ ಫೋನ್ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ. ಪರದೆ ನಿಮ್ಮ ಕಡೆ ಇರಲಿ. ಮೊದಲು ಬಲಕ್ಕೆ ಅಡ್ಡ ಮಲಗಿಸಿ, ಆಮೇಲೆ ಮೇಲಂಚನ್ನು ನಿಮ್ಮಿಂದ ಆಚೆಗೆ ಬಾಗಿಸಿ. ಈಗ ಇದೇ ಎರಡನ್ನೂ ಉಲ್ಟಾ ಕ್ರಮದಲ್ಲಿ, ಅದೇ ಅಕ್ಷಗಳ ಸುತ್ತ ಮಾಡಿ. ಫೋನ್ ಬೇರೆಯೇ ಭಂಗಿಯಲ್ಲಿರುತ್ತೆ. ತಿರುಗುವಿಕೆಗೆ ಕ್ರಮ ಮುಖ್ಯ ಅನ್ನೋದು ಪ್ರಕೃತಿಯೇ ಮಾಡಿಟ್ಟ ನಿಯಮ, ಹ್ಯಾಮಿಲ್ಟನ್ ಅದನ್ನು ಒಪ್ಪಿಕೊಂಡ ಅಷ್ಟೇ. ತಿರುಗಿಸಬೇಕಾದ ಬಾಣವನ್ನು ಎಡಕ್ಕೊಂದು ಕ್ವಾಟರ್ನಿಯನ್, ಬಲಕ್ಕೆ ಅದರ ವಿಲೋಮ ಇಟ್ಟು ಗುಣಿಸಬೇಕು. ಎರಡೂ ಕಡೆಯಿಂದ ಅರ್ಧರ್ಧ ತಿರುಗುತ್ತೆ. ಆ 0.707, ಆ 45 ಡಿಗ್ರಿ ಬಂದಿದ್ದು ಅಲ್ಲಿಂದ. ಈ ಅರ್ಧ ಕೋನದ ಸೂತ್ರಗಳನ್ನು ಫ್ರಾನ್ಸಿನ ಒಲಾಂದ್ ರೋಡ್ರಿಗ್ಸ್ 1840ರಲ್ಲೇ ಪ್ರಕಟಿಸಿದ್ದ ಅನ್ನೋದನ್ನೂ ಹೇಳಬೇಕು. ಅವನನ್ನು ಯಾರೂ ಗಮನಿಸಿರಲಿಲ್ಲ.

ಆಗ ಹ್ಯಾಮಿಲ್ಟನ್‌ಗೆ ವಯಸ್ಸು 38. ಉಳಿದ 22 ವರ್ಷಗಳ ಹೆಚ್ಚಿನ ಭಾಗವನ್ನು ಈ ಒಂದೇ ವಿಷಯಕ್ಕೆ ಕೊಟ್ಟುಬಿಟ್ಟ. 1853ರಲ್ಲಿ ಬಂದ ಪುಸ್ತಕ ಏಳುನೂರು ಪುಟ ದಾಟಿತ್ತು. ಓದಿ ಮುಗಿಸಿದವರು ಕಡಿಮೆ. ಅದೇ ವರ್ಷ, ಸಾವಿನ ಅಂಚಿನಲ್ಲಿದ್ದ ಕ್ಯಾಥರೀನ್‌ಳನ್ನು ನೋಡಲು ಹೋದಾಗ ಕೈಯಲ್ಲಿ ತೆಗೆದುಕೊಂಡು ಹೋಗಿದ್ದು ಆ ಪುಸ್ತಕವನ್ನೇ. ಮನೆಯಲ್ಲಿ ಹೆಂಡತಿಗೆ ಆರೋಗ್ಯ ಸರಿ ಇರುತ್ತಿರಲಿಲ್ಲ. ಇವನ ಕುಡಿತದ ಬಗ್ಗೆ ಡಬ್ಲಿನ್‌ನಲ್ಲಿ ಮಾತು ಹಬ್ಬಿತ್ತು. ಸುಮಾರು ಎರಡು ವರ್ಷ ಬಿಟ್ಟ, ಮತ್ತೆ ಶುರುವಾಯಿತು. ನಡುವೆ ಒಂದು ಆಟವನ್ನೂ ಮಾಡಿದ. ಹನ್ನೆರಡು ಮುಖದ ಘನಾಕೃತಿಯ ಇಪ್ಪತ್ತು ಮೂಲೆಗಳನ್ನು ಒಂದೊಂದು ಸಲ ಮಾತ್ರ ಮುಟ್ಟಿ ವಾಪಸ್ ಬರಬೇಕು. ಲಂಡನ್ನಿನ ಆಟಿಕೆ ವ್ಯಾಪಾರಿಗೆ 25 ಪೌಂಡ್‌ಗೆ ಮಾರಿದ. ಆಟ ಅಂಗಡಿಯಲ್ಲಿ ಓಡಲಿಲ್ಲ, ಅಲ್ಗಾರಿದಂ ಪಠ್ಯಪುಸ್ತಕದಲ್ಲಿ ಇಂದಿಗೂ ಓಡ್ತಿದೆ.

1865ರ ಸೆಪ್ಟೆಂಬರ್ 2ರಂದು ಹ್ಯಾಮಿಲ್ಟನ್ ತೀರಿಕೊಂಡ. ಕ್ವಾಟರ್ನಿಯನ್ ಬಗೆಗಿನ ಎರಡನೆಯ ದೊಡ್ಡ ಪುಸ್ತಕ ಇನ್ನೂ ಪೂರ್ತಿಯಾಗಿರಲಿಲ್ಲ, ಮರುವರ್ಷ ಮಗ ಅದನ್ನು ಅಚ್ಚು ಹಾಕಿಸಿದ. ಮುಂದೆ ಗಿಬ್ಸ್ ಮತ್ತು ಹೆವಿಸೈಡ್ ಕ್ವಾಟರ್ನಿಯನ್ ಗುಣಾಕಾರವನ್ನು ಒಡೆದು ಡಾಟ್ ಪ್ರಾಡಕ್ಟ್, ಕ್ರಾಸ್ ಪ್ರಾಡಕ್ಟ್ ಅಂತ ಎರಡು ಮಾಡಿದರು. ಎಂಜಿನಿಯರ್‌ಗಳಿಗೆ ಅದೇ ಸುಲಭವಾಯಿತು, ನಾವು ಓದಿದ್ದೂ ಅದನ್ನೇ. ಲಾರ್ಡ್ ಕೆಲ್ವಿನ್‌ಗಂತೂ ಕ್ವಾಟರ್ನಿಯನ್ ಕಂಡರೆ ಆಗುತ್ತಿರಲಿಲ್ಲ. 1937ರಲ್ಲಿ ಗಣಿತಜ್ಞರ ಜೀವನಗಳನ್ನು ಬರೆದ ಇ. ಟಿ. ಬೆಲ್, ಹ್ಯಾಮಿಲ್ಟನ್ ಅಧ್ಯಾಯಕ್ಕೆ ಐರಿಷ್ ದುರಂತ ಅಂತಲೇ ಹೆಸರಿಟ್ಟ. ಅಷ್ಟು ದೊಡ್ಡ ಬುದ್ಧಿ ಕೊನೆಯ ಎರಡು ದಶಕ ವ್ಯರ್ಥ ಮಾಡಿಕೊಂಡಿತು ಅನ್ನೋದು ಆಗಿನ ತೀರ್ಪು.

1985ರಲ್ಲಿ ತೀರ್ಪು ತಿರುಗಿಬಿತ್ತು. ಕಂಪ್ಯೂಟರ್ ಗ್ರಾಫಿಕ್ಸ್‌ನ ಸಿಗ್ರಾಫ್ ಸಮ್ಮೇಳನದಲ್ಲಿ ಕೆನ್ ಶೂಮೇಕ್, ತಿರುಗುವಿಕೆಯ ಅನಿಮೇಶನ್‌ಗೆ ಕ್ವಾಟರ್ನಿಯನ್ ಬಳಸೋ ವಿಧಾನ ಮಂಡಿಸಿದ. ಅದಕ್ಕೆ ಕಾರಣ ಇತ್ತು. ಮೂರು ಕೋನಗಳಲ್ಲಿ ತಿರುಗುವಿಕೆಯನ್ನು ಬರೆದರೆ, ನಡುವಿನ ಕೋನ 90 ಡಿಗ್ರಿ ತಲುಪಿದಾಗ ಉಳಿದೆರಡು ಅಕ್ಷ ಒಂದರ ಮೇಲೊಂದು ಕೂತುಬಿಡುತ್ತವೆ. ಯಾವುದನ್ನು ತಿರುಗಿಸಿದರೂ ಒಂದೇ ಚಲನೆ. ಇದೇ ಗಿಂಬಲ್ ಲಾಕ್. ಎರಡು ಕೀಫ್ರೇಮ್‌ಗಳ ನಡುವೆ ಪಾತ್ರದ ತೋಳು ವಿಚಿತ್ರವಾಗಿ ಸುತ್ತು ಹೊಡೆಯೋದು ಇಂಥ ಕಡೆ. ಉದ್ದ 1 ಇರೋ ಕ್ವಾಟರ್ನಿಯನ್‌ಗಳೆಲ್ಲ ನಾಲ್ಕು ಆಯಾಮದ ಗೋಳದ ಮೇಲಿನ ಬಿಂದುಗಳು. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಗೋಳದ ಮೇಲೆ ಹತ್ತಿರದ ಕಮಾನು ಹಿಡಿದು ಸಮವೇಗದಲ್ಲಿ ಹೋದರೆ ಪರದೆ ಮೇಲೆ ನುಣುಪಾದ ತಿರುಗುವಿಕೆ ಸಿಗುತ್ತೆ. ಕೋಡ್‌ನಲ್ಲಿ ಸ್ಲರ್ಪ್ ಅಂತ ಕರೆಯೋದು ಇದನ್ನೇ. ಬರೆಯುವಾಗ ಎರಡು ವಿಷಯ ನೆನಪಿರಲಿ. ಒಂದು ಕ್ವಾಟರ್ನಿಯನ್ ಮತ್ತು ಅದರ ಮೈನಸ್ ಎರಡೂ ಒಂದೇ ತಿರುಗುವಿಕೆ, ಆದ್ದರಿಂದ ಎರಡರ ಡಾಟ್ ಪ್ರಾಡಕ್ಟ್ ಋಣವಾದರೆ ಒಂದರ ಚಿಹ್ನೆ ಬದಲಿಸಿ, ಇಲ್ಲಾಂದ್ರೆ ಕ್ಯೂಬ್ ಸುತ್ತು ದಾರಿ ಹಿಡಿಯುತ್ತೆ. ಆಗಾಗ ಉದ್ದವನ್ನು 1ಕ್ಕೆ ಸರಿಪಡಿಸಿ, ಇಲ್ಲಾಂದ್ರೆ ಸಣ್ಣ ಸಣ್ಣ ದೋಷಗಳು ಸೇರಿ ಆಕಾರವೇ ಕೆಡಬಹುದು.

ಇವತ್ತು ಯೂನಿಟಿಯಲ್ಲಿ ನಾವು ಕೋನಗಳನ್ನೇ ಟೈಪ್ ಮಾಡಿದರೂ ಒಳಗೆ ಅದು ಇಟ್ಟುಕೊಳ್ಳೋದು ಕ್ವಾಟರ್ನಿಯನ್ ರೂಪದಲ್ಲಿ. ಡ್ರೋನ್, ಉಪಗ್ರಹಗಳು ತಾವು ಯಾವ ಕಡೆ ಮುಖ ಮಾಡಿವೆ ಅಂತ ಲೆಕ್ಕ ಇಡುವಲ್ಲೂ ಅದೇ ನಾಲ್ಕು ಸಂಖ್ಯೆ.

ಹ್ಯಾಮಿಲ್ಟನ್‌ಗೆ ಇದರಲ್ಲಿ ಒಂದೂ ಗೊತ್ತಾಗಲಿಲ್ಲ. ಅವನು ಸತ್ತು 120 ವರ್ಷ ಆದಮೇಲೆ ನಡೆದ ಕಥೆ ಇದು. ಕ್ವಾಟರ್ನಿಯನ್ ಮುಂದೊಂದು ದಿನ ಉಪಯೋಗಕ್ಕೆ ಬರುತ್ತೆ ಅನ್ನೋ ನಂಬಿಕೆ ಅವನಿಗೆ ಗಟ್ಟಿಯಾಗಿತ್ತು, ಎಲ್ಲಿ, ಯಾವಾಗ ಅನ್ನೋದು ಅವನ ಕೈಯಲ್ಲಿ ಇರಲಿಲ್ಲ. ಇದನ್ನೆಲ್ಲ ಕಲಿತು ಪ್ಲೇಸ್‌ಮೆಂಟ್‌ಗೆ ಏನು ಪ್ರಯೋಜನ ಅಂತ ನಾವು ದಿನಕ್ಕೊಂದು ಸಲ ಕೇಳಿಕೊಳ್ಳುತ್ತೇವೆ. ಆ ಪ್ರಶ್ನೆ ತಪ್ಪಲ್ಲ. ಆದ್ರೆ ಅದಕ್ಕೆ ಉತ್ತರ ಸಿಗೋವರೆಗೂ ಕಾಯುತ್ತಾ ಕೂತಿದ್ದರೆ ಹ್ಯಾಮಿಲ್ಟನ್ ಮೂರರಲ್ಲೇ ನಿಂತಿರುತ್ತಿದ್ದ.

ಸೇತುವೆಯ ಮೇಲೆ ಅವನು ಕೆತ್ತಿದ ಗೀಚು ಎಂದೋ ಅಳಿಸಿಹೋಯಿತು. 1958ರಲ್ಲಿ ಅಲ್ಲೊಂದು ಕಲ್ಲಿನ ಫಲಕ ಹಾಕಿದರು. ಅದನ್ನು ಅನಾವರಣ ಮಾಡಿದ ಐರ್ಲೆಂಡಿನ ಪ್ರಧಾನಿ ಡಿ ವಲೇರಾ ಒಂದು ಕಾಲದಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಈಗಲೂ ಅಕ್ಟೋಬರ್ 16ರಂದು ಗಣಿತ ಪ್ರಿಯರು ಡನ್‌ಸಿಂಕ್‌ನಿಂದ ಆ ಸೇತುವೆಯವರೆಗೆ ನಡೆದು ಹೋಗುತ್ತಾರೆ. ನಮಗೆ ಅಷ್ಟು ದೂರ ಹೋಗೋಕೆ ಆಗಲ್ಲ. ಆದ್ರೆ ಮುಂದಿನ ಸಲ ಬ್ಲೆಂಡರ್‌ನಲ್ಲಿ ಆ ನಾಲ್ಕು ಸಂಖ್ಯೆ ಕಂಡಾಗ ಮೋಡ್ ವಾಪಸ್ ಬದಲಾಯಿಸದೆ, ಅವುಗಳನ್ನು ಒಂದು ಸಲ ತಿರುಗಿಸಿ ನೋಡೋಣ.