ಡಾಕ್ಟರ್ ಕೋಟ್ನಿಸ್

ಭೀಮಾನದಿಯು ಸೊಲ್ಲಾಪುರ ಜಿಲ್ಲೆಯನ್ನು ಹಾಯ್ದು ಕರ್ನಾಟಕದ ಕಡೆಗೆ ಸಾಗುತ್ತದೆ. ಮುಂದೆ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲಗಳನ್ನು ಸವರಿಕೊಂಡು ಹರಿಯುತ್ತದೆ. ಆಳಂದ, ಅಫಜಲಪುರಗಳ ಜನರಿಗೆ ಸೊಲ್ಲಾಪುರವು ಪರಸ್ಥಳವಲ್ಲ. ವ್ಯಾಪಾರಕ್ಕೂ, ಗಿರಣಿಗಳ ಕೆಲಸಕ್ಕೂ, ಸಿದ್ಧರಾಮೇಶ್ವರನ ಜಾತ್ರೆಗೂ ಈ ಭಾಗದ ಜನರು ಅಲ್ಲಿಗೆ ಹೋಗಿಬರುವುದು ಬಹುಕಾಲದ ರೂಢಿ. ಮರಾಠಿ, ಕನ್ನಡ, ತೆಲುಗು, ಉರ್ದು ಭಾಷೆಗಳು ಒಟ್ಟಿಗೆ ಕೇಳಿಬರುವ ಆ ನಗರದಲ್ಲಿ 1910ನೆಯ ಇಸವಿ ಅಕ್ಟೋಬರ್ 10ರಂದು ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ ಜನಿಸಿದರು. ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ವೈದ್ಯರಾದರು. ಉನ್ನತ ಪದವಿಗಾಗಿ ಸಿದ್ಧತೆ ನಡೆಸುತ್ತಿದ್ದಾಗ ಅವರ ಬಾಳು ಬೇರೊಂದು ದಾರಿ ಹಿಡಿಯಿತು.

1937ರಲ್ಲಿ ಜಪಾನಿನ ಸೈನ್ಯವು ಚೀನಾದೇಶದ ಮೇಲೆ ದಂಡೆತ್ತಿ ಹೋಯಿತು. ಸಾವಿರಾರು ಮಂದಿ ಗಾಯಗೊಂಡು ನರಳಿದರು. ಅವರನ್ನು ಉಪಚರಿಸಲು ಸಾಕಷ್ಟು ವೈದ್ಯರಿರಲಿಲ್ಲ. ಚೀನೀ ಸೇನಾಪತಿ ಜೂ ದೆ ಅವರು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ನೆರವು ಕೋರಿದರು. ಭಾರತವೇ ಆಗ ಪರಾಧೀನವಾಗಿತ್ತು. ಆದರೂ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರ ಕರೆಗೆ ಓಗೊಟ್ಟು ಜನರು 22,000 ರೂಪಾಯಿ ನಿಧಿ ಕೂಡಿಸಿದರು. ಅಟಲ್, ಚೋಳಕರ್, ಬಸು, ಮುಖರ್ಜಿ ಮತ್ತು ಕೋಟ್ನಿಸ್ ಎಂಬ ಐವರು ವೈದ್ಯರ ತಂಡವು 1938ರ ಸೆಪ್ಟೆಂಬರ್ 1ರಂದು ಮುಂಬಯಿಯಿಂದ ಹಡಗಿನಲ್ಲಿ ಹೊರಟಿತು. ಕೋಟ್ನಿಸರಿಗೆ ಆಗ ಇಪ್ಪತ್ತೆಂಟು ವರ್ಷವೂ ತುಂಬಿರಲಿಲ್ಲ.

ಸೆಪ್ಟೆಂಬರ್ ತಿಂಗಳಲ್ಲಿಯೇ ಅವರು ಕ್ಯಾಂಟನ್ ನಗರವನ್ನು ತಲಪಿದರು. ಅಲ್ಲಿಂದ ಮುಂದೆ ವುಹಾನ್, ಚೊಂಗ್‌ಚಿಂಗ್ ನಗರಗಳ ಮೂಲಕ ಸಾಗಿದರು. ಚೊಂಗ್‌ಚಿಂಗಿನಲ್ಲಿದ್ದಾಗ ತಂದೆ ತೀರಿಕೊಂಡ ಸುದ್ದಿ ಕೋಟ್ನಿಸರಿಗೆ ತಲಪಿತು. ಮರಳಿ ಹೋಗಲು ಅವರಿಗೆ ಅವಕಾಶವಿತ್ತು. ಮನೆಯವರ ನೆನಪೂ ಕಾಡುತ್ತಿತ್ತು. ಆದರೆ ವಹಿಸಿಕೊಂಡ ಕಾರ್ಯವನ್ನು ಅರ್ಧಕ್ಕೆ ಬಿಡಲು ಅವರ ಮನಸ್ಸು ಒಪ್ಪಲಿಲ್ಲ. ದುಃಖವನ್ನು ನುಂಗಿಕೊಂಡು ಅವರು ಸಂಗಡಿಗರೊಡನೆ ಮುನ್ನಡೆದರು. 1939ರ ಫೆಬ್ರವರಿಯಲ್ಲಿ ತಂಡವು ಯೆನಾನ್ ಪಟ್ಟಣವನ್ನು ಸೇರಿತು.

ಯೆನಾನಿನ ಜೀವನವು ಅವರಿಗೆ ತೀರ ಹೊಸದಾಗಿತ್ತು. ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗುಹೆಗಳೇ ಅಲ್ಲಿ ಮನೆಗಳು, ಅವೇ ಆಸ್ಪತ್ರೆಗಳು. ಜೋಳದ ರೊಟ್ಟಿಯ ನಾಡಿನಲ್ಲಿ ಬೆಳೆದವರು ಅಲ್ಲಿ ನವಣೆಯ ಅನ್ನಕ್ಕೆ ಒಗ್ಗಿಕೊಳ್ಳಬೇಕಾಯಿತು. ಚಳಿಗಾಲವಂತೂ ಅತಿ ಕಠಿಣ. ಇವೆಲ್ಲವನ್ನೂ ದೇಹವು ಹೇಗೋ ಸಹಿಸಿಕೊಳ್ಳಬಹುದು. ಆದರೆ ಭಾಷೆ ತಿಳಿಯದ ವೈದ್ಯನು ರೋಗಿಯ ಬಳಿ ಕುಳಿತು ಮಾಡುವುದೇನು? ನೋವು ಎಲ್ಲಿದೆ, ಎಂದಿನಿಂದ ಇದೆ ಎಂಬುದನ್ನು ಗಾಯಾಳು ಹೇಳಿದರೂ ಅದು ದುಭಾಷಿಯ ಬಾಯಿಯಿಂದಲೇ ವೈದ್ಯನ ಕಿವಿಗೆ ಬೀಳಬೇಕು. ದುಭಾಷಿ ಇಲ್ಲದ ವೇಳೆಯಲ್ಲಿ ವೈದ್ಯನೂ ಮೂಕ, ರೋಗಿಯೂ ಮೂಕ. ಆದುದರಿಂದ ಕೋಟ್ನಿಸ್ ಚೀನೀ ಭಾಷೆಯನ್ನು ಕಲಿಯುವುದನ್ನೂ ತಮ್ಮ ವೈದ್ಯಕೀಯ ಕರ್ತವ್ಯವೆಂದೇ ಭಾವಿಸಿದರು.

ಆ ಭಾಷೆ ಸುಲಭವಾದುದಲ್ಲ. ನಮ್ಮ ಕನ್ನಡದಲ್ಲಿ ಐವತ್ತರಷ್ಟು ಅಕ್ಷರಗಳನ್ನೂ ಕಾಗುಣಿತವನ್ನೂ ಕಲಿತರೆ ಯಾವ ಪದವನ್ನಾದರೂ ಓದಬಹುದು. ಚೀನೀ ಬರವಣಿಗೆಯಲ್ಲಿ ಅಂತಹ ವರ್ಣಮಾಲೆಯೇ ಇಲ್ಲ. ಸಾವಿರಾರು ಚಿಹ್ನೆಗಳನ್ನು ಒಂದೊಂದಾಗಿ ನೆನಪಿನಲ್ಲಿಡಬೇಕು. ಮರ ಎಂಬುದಕ್ಕೆ ಒಂದು ಚಿಹ್ನೆ. ಅದನ್ನೇ ಎರಡು ಸಲ ಪಕ್ಕಪಕ್ಕದಲ್ಲಿ ಬರೆದರೆ ತೋಪು. ಉಚ್ಚಾರಣೆಯಲ್ಲಿ ಇನ್ನೊಂದು ತೊಡಕು. ಉತ್ತರ ಚೀನಾದ ನುಡಿಯಲ್ಲಿ ನಾಲ್ಕು ಬಗೆಯ ಸ್ವರಭಾರಗಳಿವೆ. ಮಾ ಎಂಬ ಒಂದೇ ಶಬ್ದವನ್ನು ಏರುದನಿಯಲ್ಲಿ ಸಮನಾಗಿ ಎಳೆದರೆ ತಾಯಿ ಎಂದೂ, ಇಳಿಸಿ ಏರಿಸಿದರೆ ಕುದುರೆ ಎಂದೂ, ಥಟ್ಟನೆ ಇಳಿಸಿದರೆ ಬೈಯುವುದು ಎಂದೂ ಅರ್ಥವಾಗುತ್ತದೆ. ಇಂತಹ ಭಾಷೆಯನ್ನು ಕೋಟ್ನಿಸ್ ಗಾಯಾಳುಗಳು, ದಾದಿಯರು, ಹಳ್ಳಿಗರು ಇವರ ನಡುವೆ ಬಾಳುತ್ತಲೇ ಕಲಿತರು. ತಂಡದ ವೈದ್ಯರ ಹೆಸರುಗಳಿಗೆ ಚೀನಾ ಎಂಬರ್ಥದ ಹುವಾ ಎಂಬ ಪದವನ್ನು ಸೇರಿಸಲಾಗಿತ್ತು. ಹೀಗಾಗಿ ಕೋಟ್ನಿಸರು ಅಲ್ಲಿನ ಜನರಿಗೆ ಕೆ ದಿಹುವಾ ಆದರು.

ಒಬ್ಬೊಬ್ಬರಾಗಿ ಮೂವರು ಸಂಗಡಿಗರು ಸ್ವದೇಶಕ್ಕೆ ಹಿಂತಿರುಗಿದರು. ಕೋಟ್ನಿಸ್ ಮತ್ತು ಬಸು ಉಳಿದುಕೊಂಡರು. 1940ರಲ್ಲಿ ಕೋಟ್ನಿಸ್ ಉತ್ತರ ಚೀನಾದ ಯುದ್ಧಭೂಮಿಯಲ್ಲಿದ್ದರು. ಆ ವರ್ಷದ ದೀರ್ಘ ಕದನವೊಂದರಲ್ಲಿ ಅವರು ನಿದ್ರೆಯನ್ನೂ ತೊರೆದು ಎಪ್ಪತ್ತೆರಡು ಗಂಟೆಗಳ ಕಾಲ ಶಸ್ತ್ರಚಿಕಿತ್ಸೆ ನಡೆಸಿದರೆಂದು ಹೇಳುತ್ತಾರೆ. ಅದೇ ಪ್ರದೇಶದಲ್ಲಿ ಸೇವೆ ಸಲ್ಲಿಸುತ್ತಿದ್ದ ಕೆನಡಾ ದೇಶದ ವೈದ್ಯ ನಾರ್ಮನ್ ಬೆಥೂನ್ 1939ರ ನವೆಂಬರಿನಲ್ಲಿ ಅಸುನೀಗಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸ್ ನಿರ್ದೇಶಕರಾದರು. ದುಭಾಷಿಯ ನೆರವಿಲ್ಲದೆ ಮಾತನಾಡಲು ತಡವರಿಸುತ್ತಿದ್ದವರು ಈಗ ಚೀನೀ ತರುಣರಿಗೆ ಅವರ ಭಾಷೆಯಲ್ಲಿಯೇ ಶಸ್ತ್ರವೈದ್ಯವನ್ನು ಬೋಧಿಸುವ ಗುರುಗಳಾದರು. ಅವರಿಗಾಗಿ ಪಠ್ಯಪುಸ್ತಕ ರಚನೆಗೂ ಕೈಹಾಕಿದರು.

ಅದೇ ವರ್ಷದ ಕೊನೆಯಲ್ಲಿ ಅವರು ಅಲ್ಲಿ ದಾದಿಯರ ಶಿಕ್ಷಣದಲ್ಲಿ ತೊಡಗಿದ್ದ ಗುವೊ ಚಿಂಗ್‌ಲಾನ್ ಅವರನ್ನು ವಿವಾಹವಾದರು. 1942ರ ಆಗಸ್ಟಿನಲ್ಲಿ ಗಂಡುಮಗು ಜನಿಸಿತು. ಮಗುವಿಗೆ ಇನ್‌ಹುವಾ ಎಂದು ಹೆಸರಿಟ್ಟರು. ಇನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಆದರೆ ಆ ಸಂತೋಷ ಬಹುದಿನ ಉಳಿಯಲಿಲ್ಲ. ವಿಶ್ರಾಂತಿಯಿಲ್ಲದ ದುಡಿಮೆಯಿಂದ ಕೋಟ್ನಿಸರ ದೇಹ ಜರ್ಜರಿತವಾಗಿತ್ತು. ಮೂರ್ಛೆರೋಗವು ಅವರನ್ನು ಪದೇ ಪದೇ ಪೀಡಿಸುತ್ತಿತ್ತು. ಆದರೂ ಅವರು ಆಸ್ಪತ್ರೆಯನ್ನು ಬಿಟ್ಟು ಕದಲಲಿಲ್ಲ. 1942ರ ಡಿಸೆಂಬರ್ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದರು. ಮಗುವಿಗೆ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಶಿಜಿಯಾಜುವಾಂಗ್ ನಗರದ ಹುತಾತ್ಮರ ಸ್ಮಾರಕವನದಲ್ಲಿ ಅವರ ಸಮಾಧಿಯಿದೆ. 1946ರಲ್ಲಿ ವಿ. ಶಾಂತಾರಾಮ್ ಅವರ ಜೀವನವನ್ನು ಕುರಿತು ಚಲನಚಿತ್ರ ನಿರ್ಮಿಸಿದರು. ಚೀನಾ 1982ರಲ್ಲಿಯೂ ಭಾರತ 1993ರಲ್ಲಿಯೂ ಅವರ ಸ್ಮರಣೆಗಾಗಿ ಅಂಚೆಚೀಟಿಗಳನ್ನು ಹೊರತಂದವು. 1962ರಲ್ಲಿ ಭಾರತ ಮತ್ತು ಚೀನಾಗಳ ನಡುವೆ ಯುದ್ಧವೇ ನಡೆಯಿತು. ಆದರೂ ಎರಡೂ ದೇಶಗಳ ಜನರು ಈ ವೈದ್ಯರನ್ನು ಮರೆಯಲಿಲ್ಲ.

ಪರದೇಶಕ್ಕೆ ಹೋಗುವವರು ಅನೇಕರು. ಅಲ್ಲಿನ ಜನರಲ್ಲಿ ಒಬ್ಬರಾಗಿ ಬೆರೆಯುವವರು ವಿರಳ. ಕೋಟ್ನಿಸ್ ಮೊದಲು ಆ ಜನರ ಮಾತನ್ನು ಕಲಿತರು. ಆ ಮಾತಿನ ಮೂಲಕ ಅವರ ನೋವನ್ನು ಅರಿತರು. ಕೊನೆಗೆ ಅವರಿಗಾಗಿಯೇ ಪ್ರಾಣವನ್ನು ತೆತ್ತರು. ನಮ್ಮ ಗಡಿಯಾಚೆಯ ನೆರೆಯೂರಿನ ಈ ತರುಣ ವೈದ್ಯರ ಬಾಳು, ಹೊಸ ಭಾಷೆಯೊಂದನ್ನು ಕಲಿಯುವ ಶ್ರಮವು ಎಂತಹ ಸೇವೆಗೆ ದಾರಿಯಾಗಬಲ್ಲದೆಂಬುದನ್ನು ತೋರಿಸುತ್ತದೆ.