ನಂದಳಿಕೆಯ ಮುದ್ದಣನೂ ಬರೆಯುವ ಯಂತ್ರವೂ

ಇದನ್ನು ಬರೆದವರು ಯಾರು ಎಂಬುದು ಇಂದು ನಮ್ಮ ಕಾಲೇಜುಗಳಲ್ಲಿ ನಿತ್ಯವೂ ಏಳುವ ಪ್ರಶ್ನೆಯಾಗಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ಸಾಧನವು ಸಾರ್ವಜನಿಕರ ಕೈಗೆ ಬಂದಂದಿನಿಂದ, ವಿದ್ಯಾರ್ಥಿಯ ಪ್ರಬಂಧವನ್ನು ಎತ್ತಿಕೊಂಡ ಅಧ್ಯಾಪಕನು ವಿಷಯಕ್ಕಿಂತ ಮೊದಲು ಕರ್ತೃವನ್ನು ಕುರಿತು ಯೋಚಿಸತೊಡಗಿದ್ದಾನೆ. ಉಡುಪಿಯಲ್ಲಾಗಲಿ ಮಣಿಪಾಲದಲ್ಲಾಗಲಿ, ಕಾಪು ಕಾರ್ಕಳಗಳಲ್ಲಾಗಲಿ, ಇಬ್ಬರು ಅಧ್ಯಾಪಕರು ಕೂಡಿದಲ್ಲಿ ಈ ಮಾತು ಬಾರದೆ ಇರುವುದಿಲ್ಲ. ಕನ್ನಡವನ್ನು ಬೋಧಿಸುವ ನಾನೂ ಇದಕ್ಕೆ ಹೊರತಲ್ಲ. ಆದರೆ ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸತೇನೂ ಅಲ್ಲ. ನೂರಿಪ್ಪತ್ತೈದು ವರ್ಷಗಳ ಹಿಂದೆ ಇದೇ ಕಾರ್ಕಳ ಸೀಮೆಯಲ್ಲಿ ಹುಟ್ಟಿ, ಇದೇ ಉಡುಪಿಯಲ್ಲಿ ಪಾಠ ಹೇಳಿದ ಒಬ್ಬ ಬಡ ಉಪಾಧ್ಯಾಯನು ಕನ್ನಡದ ವಿದ್ವಲ್ಲೋಕದ ಮುಂದೆ ಇದೇ ಪ್ರಶ್ನೆಯನ್ನು ಸದ್ದಿಲ್ಲದೆ ಇಟ್ಟು ಹೋದನು. ಆತನೇ ಮುದ್ದಣ. ಆತನ ಬಾಳನ್ನು ಈ ಹೊತ್ತಿನಲ್ಲಿ ಮರಳಿ ನೆನೆಯುವುದರಿಂದ ನಮ್ಮ ಗೊಂದಲಕ್ಕೆ ಕೊಂಚ ಬೆಳಕು ದೊರೆಯಬಹುದೆಂದು ನನ್ನ ನಂಬಿಕೆ.

ಮುದ್ದಣನ ನಿಜನಾಮಧೇಯ ಲಕ್ಷ್ಮೀನಾರಣಪ್ಪ. ಹುಟ್ಟಿದುದು 1870ರ ಜನವರಿ 24ರಂದು, ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ, ನಿಟ್ಟೆ ಬೆಳ್ಮಣ್ಣುಗಳ ನಡುವೆ ಈ ಊರಿದೆ. ಇಂದು ನೆರೆಯ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಕಾಲೇಜು ನಿಂತಿದೆ. ಗಣಕಯಂತ್ರದ ವಿದ್ಯೆಯನ್ನು ಕಲಿಯುವ ತರುಣರು ಈ ದಾರಿಯಲ್ಲಿ ದಿನವೂ ಓಡಾಡುತ್ತಾರೆ. ಮುದ್ದಣನ ಬಾಲ್ಯದಲ್ಲಿ ಹಳ್ಳಿಯ ಶಾಲೆಯನ್ನು ಮುಗಿಸಿದ ಹುಡುಗನು ಮುಂದೆ ಓದಬೇಕಾದರೆ ಊರು ಬಿಟ್ಟು ಉಡುಪಿಗೆ ಬರಬೇಕಾಗಿತ್ತು. ಲಕ್ಷ್ಮೀನಾರಣಪ್ಪನೂ ಬಂದನು. ಇಂಗ್ಲಿಷ್ ವಿದ್ಯಾಭ್ಯಾಸ ಆರಂಭವಾಯಿತು. ಆದರೆ ಮನೆಯ ಬಡತನವು ಅದನ್ನು ಬಹುದೂರ ಸಾಗಗೊಡಲಿಲ್ಲ. ಬೇಗನೆ ಸಂಪಾದನೆಗೆ ತೊಡಗಬೇಕಾದ ಒತ್ತಾಯವಿದ್ದ ಈ ಹುಡುಗನು ಹಿಡಿದ ದಾರಿ ವ್ಯಾಯಾಮಶಿಕ್ಷಣದ್ದು. ಆಗ ನಮ್ಮ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತ್ತು. ಆದುದರಿಂದ ತರಬೇತಿಗಾಗಿ ಮದರಾಸಿಗೆ ಹೋಗಿ, ಹಿಂದಿರುಗಿ, ಉಡುಪಿ ಕುಂದಾಪುರಗಳ ಶಾಲೆಗಳಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿ ದುಡಿದನು.

ವಾಚಕರು ಈ ಸಂಗತಿಯನ್ನು ತುಸು ನಿಂತು ಗಮನಿಸಬೇಕು. ಹಳಗನ್ನಡ ಗದ್ಯದಲ್ಲಿ ಅಷ್ಟು ಸೊಗಸಾದ ಕೃತಿಯನ್ನು ರಚಿಸಿದಾತನು ಪದವೀಧರನಲ್ಲ, ಪಂಡಿತ ಪರೀಕ್ಷೆಯಲ್ಲಿ ತೇರ್ಗಡೆಯಾದವನೂ ಅಲ್ಲ. ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಿದ್ದವನು. ಹಗಲು ಶಾಲೆಯ ಬಯಲಿನಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಹಳೆಯ ಕಾವ್ಯಗಳನ್ನು ತಾನೇ ಓದಿ, ತಾನೇ ಅರ್ಥ ಮಾಡಿಕೊಂಡು, ಆ ಭಾಷೆಯ ಮರ್ಮವನ್ನು ಕೈವಶ ಮಾಡಿಕೊಂಡನು. ಕರಾವಳಿಯ ಯಕ್ಷಗಾನವೂ ಆತನ ಕಿವಿಯನ್ನು ತಿದ್ದಿತು. ರತ್ನಾವತಿ ಕಲ್ಯಾಣ, ಕುಮಾರವಿಜಯ ಎಂಬ ಎರಡು ಪ್ರಸಂಗಗಳನ್ನು ಆತನು ರಚಿಸಿದ್ದಾನೆ. ತಾಳಕ್ಕೂ ಲಯಕ್ಕೂ ಮಾತಿನ ಬಿಗಿಗೂ ಇರುವ ನಂಟನ್ನು ಆತನು ಅರಿತುದು ಅಲ್ಲಿಯೇ ಎಂದು ತೋರುತ್ತದೆ.

ಅದು ಕನ್ನಡದ ಹಳೆಯ ಗ್ರಂಥಗಳು ಓಲೆಗರಿಗಳಿಂದ ಅಚ್ಚಿಗೆ ಬರುತ್ತಿದ್ದ ಕಾಲ. ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಕಾವ್ಯಮಂಜರಿಯನ್ನೂ ಅನಂತರ ಕಾವ್ಯಕಲಾನಿಧಿಯನ್ನೂ ಹೊರತಂದು, ಪ್ರಾಚೀನ ಕೃತಿಗಳನ್ನು ಶೋಧಿಸಿ ಮುದ್ರಿಸುತ್ತಿದ್ದರು. ಆ ಪತ್ರಿಕೆಗೆ ಕರಾವಳಿಯ ಈ ಉಪಾಧ್ಯಾಯನಿಂದ ಒಂದು ಗದ್ಯಕೃತಿ ಬಂದಿತು. ಸೀತೆಯೇ ಉಗ್ರರೂಪವನ್ನು ತಾಳಿ ರಾವಣನನ್ನು ಸಂಹರಿಸುವ ಕಥೆಯುಳ್ಳ ಅದ್ಭುತರಾಮಾಯಣವದು. ಲಕ್ಷ್ಮೀನಾರಣಪ್ಪನು ಅದನ್ನು ತನ್ನದೆಂದು ಹೇಳಲಿಲ್ಲ. ಹಳೆಯ ಕೃತಿಯೊಂದನ್ನು ಒದಗಿಸಿಕೊಟ್ಟವನೆಂಬಷ್ಟೇ ಪಾತ್ರವನ್ನು ತನಗಿಟ್ಟುಕೊಂಡನು. ಸಂಪಾದಕರು ಶೈಲಿಯನ್ನು ನೋಡಿ ಒಪ್ಪಿದರು. 1895ರಲ್ಲಿ ಅದು ಅಚ್ಚಾಯಿತು. ಮರುವರ್ಷ ವಾರ್ಧಕ ಷಟ್ಪದಿಯ ಶ್ರೀರಾಮಪಟ್ಟಾಭಿಷೇಕವು ಹಾಗೆಯೇ ಹೊರಬಂದಿತು. ಆ ಬಳಿಕ, 1899ರಿಂದ 1901ರ ವರೆಗೆ, ಮುದ್ದಣನೆಂಬ ಕವಿಯ ಹೆಸರಿನಲ್ಲಿ ಶ್ರೀರಾಮಾಶ್ವಮೇಧವು ಪ್ರಕಟವಾಯಿತು. ಘಟ್ಟದ ಮೇಲಿನ ವಿದ್ವಾಂಸರು ಆ ಮುದ್ದಣನು ಎಂದೋ ಬಾಳಿದ ಪ್ರಾಚೀನನೆಂದೇ ಭಾವಿಸಿದರು.

ಆತನು ಹೀಗೇಕೆ ಮರೆಯಾದನು? ಹೊಸಬನೊಬ್ಬನು, ಅದರಲ್ಲಿಯೂ ವ್ಯಾಯಾಮದ ಉಪಾಧ್ಯಾಯನು, ಹಳಗನ್ನಡದಲ್ಲಿ ಬರೆದನೆಂದರೆ ಓದುವವರಾರೆಂಬ ಸಂಕೋಚವಿದ್ದಿರಬಹುದು; ಕೃತಿಯು ತನ್ನ ಬಲದಿಂದಲೇ ನಿಲ್ಲಬಲ್ಲುದೇ ಎಂದು ಒರೆಹಚ್ಚಿ ನೋಡುವ ಆಸೆಯೂ ಇದ್ದಿರಬಹುದು. ಕಾರಣವೇನೇ ಇರಲಿ, ಕೀರ್ತಿಯನ್ನು ಬಿಟ್ಟುಕೊಟ್ಟು ಕೃತಿಯನ್ನು ಮಾತ್ರ ಲೋಕಕ್ಕೆ ಕೊಟ್ಟ ಇಂಥ ಉದಾಹರಣೆ ಆಧುನಿಕ ಸಾಹಿತ್ಯದಲ್ಲಿ ವಿರಳ.

ರಾಮಾಶ್ವಮೇಧದ ಹೂರಣ ಪದ್ಮಪುರಾಣದ ಕಥೆ. ರಾಮನ ಯಜ್ಞಾಶ್ವ, ಅದನ್ನು ಕಾಯುತ್ತ ಹೊರಟ ಶತ್ರುಘ್ನ, ದಾರಿಯ ಯುದ್ಧಗಳು, ಕಡೆಗೆ ಲವಕುಶರು. ಆದರೆ ಇಂದು ನಾವು ಆ ಗ್ರಂಥವನ್ನು ನೆನೆಯುವುದು ಕುದುರೆಯ ಕಥೆಗಾಗಿ ಅಲ್ಲ. ಕಥೆಯ ನಡುನಡುವೆ ಬರುವ ಗಂಡಹೆಂಡಿರ ಸಲ್ಲಾಪಕ್ಕಾಗಿ. ಮಳೆಗಾಲದಲ್ಲೊಂದು ದಿನ ಅರಮನೆಯಿಂದ ಮನೆಗೆ ಬಂದ ಕವಿಯನ್ನು ಮಡದಿ ಮನೋರಮೆಯು ಕಥೆ ಹೇಳೆಂದು ಕೇಳುತ್ತಾಳೆ. ಪದ್ಯ ಬೇಡವೆನ್ನುತ್ತಾಳೆ, ಗದ್ಯವನ್ನು ಆರಿಸುತ್ತಾಳೆ. ಕವಿಯು ಸಂಸ್ಕೃತದ ಸಮಾಸಗಳನ್ನು ಪೇರಿಸಿದರೆ ತಡೆದು ನಿಲ್ಲಿಸುತ್ತಾಳೆ. ಅರ್ಥವಾಗದ ಮಾತನ್ನು ಬಿಡಿಸಿ ಹೇಳುವ ತನಕ ಮುಂದಕ್ಕೆ ಬಿಡುವುದಿಲ್ಲ. ಹಾಸ್ಯ ಮಾಡುತ್ತಾಳೆ, ಮುನಿಯುತ್ತಾಳೆ, ಮೆಚ್ಚಿದಾಗ ಮನಸಾರೆ ಮೆಚ್ಚುತ್ತಾಳೆ. ಕವಿಯ ಪತ್ನಿ, ಘಟ್ಟದ ಮೇಲಣ ಕಾಗೆಕೋಡಮಗ್ಗೆಯ ಕಮಲಾಬಾಯಿಯೇ ಈ ಮನೋರಮೆಗೆ ಮಾದರಿಯೆಂದು ನಂಬುವವರುಂಟು. ಹಳೆಯ ಭಾಷೆಯ ಉಡುಪಿನೊಳಗೆ ಹೊಸ ಕಾಲದ ಮನೆಮಾತಿನ ಜೀವವು ಮಿಡಿಯುವುದನ್ನು ಕಂಡೇ ವಿಮರ್ಶಕರು ಮುದ್ದಣನನ್ನು ಹೊಸಗನ್ನಡದ ಮುಂಗೋಳಿಯೆಂದು ಕರೆದರು.

ಆದರೆ ಆ ಮೆಚ್ಚುಗೆಯನ್ನು ಕೇಳಲು ಆತನು ಉಳಿದಿರಲಿಲ್ಲ. ಬಡತನದೊಡನೆ ಕ್ಷಯರೋಗವೂ ಸೇರಿ, 1901ರ ಫೆಬ್ರವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ಕವಿಯು ತೀರಿಕೊಂಡನು. ಕಾಪುವಿನ ಕಡಲ ಬಂಡೆಯ ಮೇಲೆ ದೀಪಸ್ತಂಭವು ಎದ್ದುದು ಆ ವರ್ಷವೇ. ಇಂದು ವಿಶ್ವವಿದ್ಯಾನಿಲಯವಿರುವ ಮಣಿಪಾಲವು ಆಗಿನ್ನೂ ಬರಿಯ ಗುಡ್ಡ. ಅಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ವೈದ್ಯಕೀಯ ಕಾಲೇಜನ್ನು ತೆರೆದುದು ಅರ್ಧಶತಮಾನದ ಮೇಲೆ, 1953ರಲ್ಲಿ. ಮುದ್ದಣನೂ ಲಕ್ಷ್ಮೀನಾರಣಪ್ಪನೂ ಒಬ್ಬನೇ ಎಂಬ ಸಂಗತಿಯು ಆತನು ಗತಿಸಿ ವರ್ಷಗಳೇ ಕಳೆದ ತರುವಾಯ, ಆತನನ್ನು ಬಲ್ಲವರ ಸಾಕ್ಷ್ಯದಿಂದ ಸ್ಥಿರಪಟ್ಟಿತು.

ಇದು ಮುದ್ದಣನ ಬಾಳು. ಇದರಿಂದ ನಮ್ಮ ತರಗತಿಗಳಿಗೆ ದೊರೆಯುವ ಮೊದಲ ಪಾಠವೆಂದರೆ, ಬರೆಹವನ್ನಷ್ಟೇ ನೋಡಿ ಬರೆದವನನ್ನು ಗುರುತಿಸುವುದು ಸುಲಭವಲ್ಲವೆಂಬುದು. ಹಳಗನ್ನಡದಲ್ಲಿ ಮುಳುಗಿ ಎದ್ದ ಸಂಪಾದಕರೇ ತಮ್ಮ ಸಮಕಾಲೀನನೊಬ್ಬನನ್ನು ಪ್ರಾಚೀನನೆಂದು ತಿಳಿದರು. ಇಂದು ಯಂತ್ರದ ಬರೆಹವನ್ನು ಕಂಡುಹಿಡಿಯುವ ಸಾಧನಗಳೂ ಮಾರಾಟಕ್ಕಿವೆ. ಚಾಟ್‌ಜಿಪಿಟಿಯನ್ನು ನಿರ್ಮಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಅಂಥದೊಂದನ್ನು ಬಿಡುಗಡೆ ಮಾಡಿ, ನಿಖರತೆ ಸಾಲದೆಂದು ಅದೇ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಇಂಥ ಸಾಧನವನ್ನು ನೆಚ್ಚಿ ಒಬ್ಬ ವಿದ್ಯಾರ್ಥಿಯನ್ನು ಕಳ್ಳನೆಂದು ಕರೆಯುವುದು ನ್ಯಾಯವಲ್ಲ. ನಂದಳಿಕೆಯಂಥ ಹಳ್ಳಿಯಿಂದ ಬಂದ ಹುಡುಗನು ಚೆಲುವಾದ ಕನ್ನಡವನ್ನು ಬರೆದರೆ, ಇದು ನಿನ್ನದಲ್ಲವೆಂದು ಥಟ್ಟನೆ ಹೇಳುವ ಅಧ್ಯಾಪಕನು ಒಬ್ಬ ಮುದ್ದಣನನ್ನು ಮೊಳಕೆಯಲ್ಲಿಯೇ ಚಿವುಟಿದಂತಾಗುವುದು.

ಎರಡನೆಯದು ಇನ್ನೂ ಮುಖ್ಯವಾದುದು. ಮುದ್ದಣನು ತನ್ನ ದುಡಿಮೆಯನ್ನು ಬೇರೆಯವರದೆಂದು ತೋರಿಸಿದನು. ಯಂತ್ರದಿಂದ ಬರೆಯಿಸಿ ಹೆಸರು ಹಾಕುವವನು ಬೇರೊಂದರ ಬರೆಹವನ್ನು ತನ್ನ ದುಡಿಮೆಯೆಂದು ತೋರಿಸುತ್ತಾನೆ. ಹೊರನೋಟಕ್ಕೆ ಎರಡೂ ಮರೆಮಾಚುವಿಕೆಯೇ. ಆದರೆ ಹೆಸರನ್ನು ಅಳಿಸಿದರೂ ಮುದ್ದಣನು ಕಲಿತುದು ಆತನಲ್ಲಿಯೇ ಉಳಿಯಿತು: ಓದಿದ ಕಾವ್ಯಗಳು, ಹೊಡೆದುಹಾಕಿದ ಸಾಲುಗಳು, ಸರಿಯಾದ ಪದಕ್ಕಾಗಿ ಕಾದ ರಾತ್ರಿಗಳು ಆತನನ್ನು ಕವಿಯನ್ನಾಗಿ ಮಾಡಿದುವು. ಇನ್ನೊಬ್ಬ ಹುಡುಗನ ಕಾಗದದಲ್ಲಿ ಪ್ರಬಂಧವಿರುತ್ತದೆ, ಆತನೊಳಗೆ ಅದರಿಂದ ಏನೂ ಉಳಿದಿರುವುದಿಲ್ಲ. ಶಾಲೆಯಲ್ಲಿ ಪ್ರಬಂಧವನ್ನು ಬರೆಯಿಸುವುದು ಲೋಕಕ್ಕೆ ಪ್ರಬಂಧಗಳ ಕೊರತೆಯಿದೆಯೆಂದೇನೂ ಅಲ್ಲವಷ್ಟೆ. ಬರೆಯುವಾಗ ಹುಡುಗನ ಮನಸ್ಸು ಬೆಳೆಯಲೆಂದು. ನಷ್ಟವಾಗುವುದು ಈ ಬೆಳೆವಣಿಗೆಯೇ ಹೊರತು ಅಂಕಗಳ ನ್ಯಾಯ ಮಾತ್ರವಲ್ಲ.

ಹಾಗೆಂದು ಯಂತ್ರವನ್ನು ತರಗತಿಯಿಂದ ಹೊರಗಟ್ಟಬೇಕೆಂದು ನಾನು ಹೇಳಲಾರೆ. ಮುದ್ದಣನು ಬರೆಯುತ್ತಿದ್ದ ವರ್ಷಗಳಲ್ಲಿಯೇ, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕಿಟ್ಟೆಲರ ನಿಘಂಟು ಹೊರಬಂದಿತು. ಸುಮಾರು 70,000 ಪದಗಳ ಆ ಭಾಂಡಾರದಿಂದ ಕನ್ನಡದ ಓದುಗನು ಸೋಮಾರಿಯಾಗಲಿಲ್ಲ, ಸಮರ್ಥನಾದನು. ಇಂದಿನ ಸಾಧನವೂ ತಕ್ಕಂತೆ ಬಳಸಿದರೆ ಬಡ ವಿದ್ಯಾರ್ಥಿಗೆ ದೊಡ್ಡ ಆಸರೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ ಹುಡುಗಿಯು ಕನ್ನಡದ ವಾಕ್ಯವೊಂದನ್ನು ಎಷ್ಟು ಸಲ ಬೇಕಾದರೂ ನಾಚಿಕೆಯಿಲ್ಲದೆ ಕೇಳಬಹುದು. ಕಣ್ಣು ಕಾಣದವನಿಗೆ ಪಾಠವನ್ನು ಗಟ್ಟಿಯಾಗಿ ಓದಿಸಬಹುದು. ಮನೆಪಾಠಕ್ಕೆ ಹಣವಿಲ್ಲದವನು ರಾತ್ರಿ ಹತ್ತು ಗಂಟೆಗೂ ಸಂದೇಹವನ್ನು ಮುಂದಿಡಬಹುದು. ಓದಿಗೆ ಒತ್ತಾಸೆಯಿಲ್ಲದೆ ಒಬ್ಬಂಟಿಯಾಗಿ ಹೆಣಗಿದ ಲಕ್ಷ್ಮೀನಾರಣಪ್ಪನಿಗೆ ಇಂಥ ಜೊತೆ ಒದಗಿದ್ದರೆ ಆತನು ಬೇಡವೆನ್ನುತ್ತಿರಲಿಲ್ಲ.

ಆದರೆ ನಿಘಂಟಿಗೂ ಇದಕ್ಕೂ ಒಂದು ಅಂತರವುಂಟು. ಕಿಟ್ಟೆಲರ ನಿಘಂಟಿನಲ್ಲಿ ಪದವಿಲ್ಲದಿದ್ದರೆ ಇಲ್ಲ, ಅದು ಸುಮ್ಮನಿರುತ್ತದೆ. ಈ ಯಂತ್ರಕ್ಕೆ ಸುಮ್ಮನಿರುವ ಅಭ್ಯಾಸ ಕಡಿಮೆ. ಅಪಾರ ಬರೆಹಗಳ ರಾಶಿಯನ್ನು ಅರಗಿಸಿಕೊಂಡು, ಒಂದು ಪದದ ಮುಂದೆ ಯಾವುದು ಬರುವುದು ಸಂಭವವೆಂದು ಲೆಕ್ಕಹಾಕುತ್ತ ಅದು ವಾಕ್ಯವನ್ನು ಕಟ್ಟುತ್ತದೆ. ಆ ರಾಶಿಯಲ್ಲಿ ಇಂಗ್ಲಿಷಿನ ಪಾಲು ಬಹಳ, ಕನ್ನಡದ್ದು ಅಲ್ಪ, ಹಳಗನ್ನಡದ್ದು ಅದರಲ್ಲಿಯೂ ಅಲ್ಪ. ಆದುದರಿಂದ ತಿಳಿಯದುದನ್ನೂ ತಿಳಿದಂತೆಯೇ, ಸುಳ್ಳನ್ನೂ ಅದೇ ಗಂಭೀರವಾದ ಧ್ವನಿಯಲ್ಲಿ ಹೇಳಿಬಿಡುವ ಅಪಾಯವಿದೆ. ತಾನು ತಿಳಿಯದವನಿಗೆ ಇದರ ತಪ್ಪು ತಿಳಿಯುವುದಿಲ್ಲ.

ಇಲ್ಲಿಯೇ ಮನೋರಮೆಯು ನಮ್ಮ ನೆರವಿಗೆ ಬರುತ್ತಾಳೆ. ಆಕೆಯು ಗ್ರಂಥಗಳನ್ನು ಬರೆದವಳಲ್ಲ. ಆದರೂ ಅರ್ಥವಾಗದ ಒಂದು ಮಾತನ್ನೂ ದಾಟಿಹೋಗಲು ಬಿಡದ ಕೇಳುಗಳು. ಕವಿಯ ಪಾಂಡಿತ್ಯಕ್ಕೆ ಆಕೆ ಬೆರಗಾಗಿ ಸುಮ್ಮನಾಗಿದ್ದರೆ ಆ ಸೊಗಸಾದ ಗದ್ಯ ಹುಟ್ಟುತ್ತಿರಲಿಲ್ಲ. ನಾನೀಗ ತರಗತಿಯಲ್ಲಿ ಅನುಸರಿಸುವ ಕ್ರಮವು ಆಕೆಯಿಂದ ಕಲಿತುದೇ. ರಾಮಾಶ್ವಮೇಧದ ಒಂದು ಭಾಗವನ್ನು ಹೊಸಗನ್ನಡಕ್ಕೆ ತಿರುಗಿಸುವಂತೆ ಯಂತ್ರಕ್ಕೆ ಹೇಳಿ, ಬಂದುದನ್ನು ಕರಿಹಲಗೆಯ ಮೇಲೆ ಬರೆಯುತ್ತೇನೆ. ಬಳಿಕ ವಿದ್ಯಾರ್ಥಿಗಳೆಲ್ಲರೂ ಮನೋರಮೆಯರಾಗಬೇಕು. ಈ ಪದಕ್ಕೆ ಈ ಅರ್ಥ ಹೇಗೆ, ಮೂಲದ ನಗೆ ಎಲ್ಲಿ ಹೋಯಿತು, ಈ ವಿಭಕ್ತಿಯನ್ನು ಯಂತ್ರವು ಗಮನಿಸಿತೇ ಎಂದು ನಿಘಂಟನ್ನು ಕೈಯಲ್ಲಿ ಹಿಡಿದು ಒಂದೊಂದನ್ನೇ ಕೇಳಬೇಕು. ಕಡೆಗೆ ಪುಸ್ತಕವನ್ನು ಮುಚ್ಚಿ, ತಮ್ಮದೇ ಅನುವಾದವನ್ನು ತರಗತಿಯಲ್ಲಿಯೇ ಕೈಬರೆಹದಲ್ಲಿ ಬರೆದು, ಅದನ್ನು ಎದುರು ನಿಂತು ಸಮರ್ಥಿಸಬೇಕು. ಇದರಲ್ಲಿ ಕಾಲ ಹೆಚ್ಚು ಬೇಕು, ಒಂದು ತರಗತಿಯಲ್ಲಿ ಎಂಬತ್ತು ಮಂದಿಯಿದ್ದರೆ ಕಷ್ಟವೂ ಹೌದು. ಆದರೆ ಬರೆದವರು ಯಾರೆಂಬ ಪ್ರಶ್ನೆಯು ಅಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕೃತಕ ಬುದ್ಧಿಮತ್ತೆಯನ್ನು ಪಾಠಕ್ರಮದಲ್ಲಿ ಸೇರಿಸಬೇಕೆಂದು ಹೇಳಿದೆ. ಸೇರಿಸಲಿ, ಒಳ್ಳೆಯದೇ. ಆದರೆ ಗಣಕದ ಕೊಠಡಿಯನ್ನು ಕಟ್ಟಿಸಿದಷ್ಟೇ ಶ್ರದ್ಧೆಯಿಂದ, ಅಧ್ಯಾಪಕನು ಒಬ್ಬೊಬ್ಬ ವಿದ್ಯಾರ್ಥಿಯ ಮಾತನ್ನು ಕೇಳಲು ಬೇಕಾದ ಸಮಯವನ್ನೂ ಒದಗಿಸಿಕೊಡಬೇಕು. ಉಡುಪಿಯ ಶಾಲೆಯ ಬಯಲಿನಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದ ಆ ಉಪಾಧ್ಯಾಯನೊಳಗೆ ಎಂಥ ಕವಿಯಿದ್ದನೆಂದು ಆತನ ಕಾಲದ ವಿದ್ವಲ್ಲೋಕವು ಕೇಳಿ ತಿಳಿಯಲಿಲ್ಲ. ನಮ್ಮ ಮುಂದಿನ ಬೆಂಚುಗಳಲ್ಲಿ ಕುಳಿತವರಲ್ಲಿ ಯಾರಿದ್ದಾರೆಂದು ಯಂತ್ರವು ನಮಗೆ ಹೇಳಲಾರದು, ನಾವೇ ಕೇಳಬೇಕು.