ಒಲಿಂಪಿಕ್ ಪೈಲ್ವಾನ ಖಾಶಾಬಾ ಜಾಧವ

ಕುಸ್ತಿ ಎಂದರೆ ನಮ್ಮ ಬೀಳಗಿ, ಮುಧೋಳ, ಜಮಖಂಡಿ ಭಾಗದ ಜನರಿಗೆ ಜಾತ್ರೆಯಷ್ಟೇ ಪ್ರೀತಿ. ಗರಡಿಯ ಮಣ್ಣಿನಿಂದ ಎದ್ದು ಜಗತ್ತಿನ ಮುಂದೆ ನಿಂತ ಖಾಶಾಬಾ ದಾದಾಸಾಹೇಬ ಜಾಧವ ಅವರ ಬದುಕನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು. ಗೆಲುವಿಗೆ ತೋಳ್ಬಲದ ಜೊತೆಗೆ ಮತ್ತೇನು ಬೇಕೆಂಬುದನ್ನು ಅದು ಕಲಿಸುತ್ತದೆ.

ಅವರು 1926ರ ಜನವರಿ 15ರಂದು ಸಾತಾರಾ ಜಿಲ್ಲೆಯ ಕರಾಡ ಸಮೀಪದ ಗೋಳೇಶ್ವರದಲ್ಲಿ ಜನಿಸಿದರು. ಪೈಲ್ವಾನರಾಗಿದ್ದ ತಂದೆಯೇ ಮೊದಲ ಗುರು. ಕರಾಡದ ತಿಲಕ ಹೈಸ್ಕೂಲಿನಲ್ಲಿ ಓದಿ, ಕೊಲ್ಲಾಪುರದ ರಾಜಾರಾಮ ಕಾಲೇಜು ಸೇರಿದರು. ಶಾಹೂ ಮಹಾರಾಜರು ಗರಡಿಗಳನ್ನು ಸಾಕಿ, 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದ ಊರದು.

1948ರ ಲಂಡನ್ ಒಲಿಂಪಿಕ್ಸ್‌ಗೆ ಕೊಲ್ಲಾಪುರದ ಮಹಾರಾಜರ ನೆರವಿನಿಂದ ಹೋದರು. ಮಣ್ಣಿನಲ್ಲಿ ಆಡಿದವರಿಗೆ ಅಲ್ಲಿನ ಮ್ಯಾಟ್ ಹೊಸದು, ನಿಯಮಗಳೂ ಹೊಸವು. ಆದರೂ ಆರನೆಯ ಸ್ಥಾನ ಪಡೆದರು.

1952ರಲ್ಲಿ ಹೆಲ್ಸಿಂಕಿಗೆ ಆಯ್ಕೆಯಾದಾಗ ಹಣವಿರಲಿಲ್ಲ. ಊರಿನವರು ವಂತಿಗೆ ಕೂಡಿಸಿದರು. ಕಾಲೇಜಿನ ಪ್ರಾಚಾರ್ಯ ಖರ್ಡೀಕರ ಅವರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಆಗ ನಮ್ಮ ಬೀಳಗಿಯೂ ಅವರಂತೆಯೇ ಮುಂಬಯಿ ರಾಜ್ಯಕ್ಕೆ ಸೇರಿತ್ತು.

ಹೆಲ್ಸಿಂಕಿಯಲ್ಲಿ ಜಪಾನಿನ ಶೋಹಾಚಿ ಇಶಿಯಿ ಎದುರು ದೀರ್ಘವಾಗಿ ಸೆಣಸಿ ಸೋತರು. ಇಶಿಯಿ ಮೂಲತಃ ಜೂಡೋ ಪಟು. ಯುದ್ಧಾನಂತರ ಜಪಾನಿನಲ್ಲಿ ಜೂಡೋಗೆ ನಿರ್ಬಂಧ ಬಿದ್ದಾಗ ಕುಸ್ತಿಗೆ ಬಂದವರು. ಅಲ್ಲಿನ ಕುಸ್ತಿ ಸಂಘವನ್ನು ಕಟ್ಟಿದ ಇಚಿರೊ ಹತ್ತಾ ಅವರೂ ಜೂಡೋ ಬಲ್ಲವರೇ. ಹೀಗೆ ಅವರ ಬೆನ್ನಿಗೆ ಒಂದು ವ್ಯವಸ್ಥೆ ಇತ್ತು. ಜಾಧವರಿಗೆ ಅದಿರಲಿಲ್ಲ. ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆಯ ವಿಶ್ರಾಂತಿ ನಿಯಮದಲ್ಲಿದ್ದರೂ, ಅದನ್ನು ಕೇಳಲು ಭಾರತದ ಅಧಿಕಾರಿ ಒಬ್ಬರೂ ಅಖಾಡದ ಬಳಿ ಇರಲಿಲ್ಲ. ದಣಿದ ಮೈಯಲ್ಲೇ ಸೋವಿಯತ್ ದೇಶದ ಮಮ್ಮದ್‌ಬೆಯೊವ್ ಎದುರು ಇಳಿದು ಸೋತರು. ದೊರೆತದ್ದು ಕಂಚು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ.

ಊರಿನವರು ನೂರಕ್ಕೂ ಹೆಚ್ಚು ಚಕ್ಕಡಿಗಳ ಮೆರವಣಿಗೆಯಲ್ಲಿ ಅವರನ್ನು ಬರಮಾಡಿಕೊಂಡರು. ಅವರಾದರೋ ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಗುರುಗಳ ಮನೆಯನ್ನು ಬಿಡಿಸಿಕೊಟ್ಟರು. 1955ರಲ್ಲಿ ಪೊಲೀಸ್ ಇಲಾಖೆ ಸೇರಿ ಸೇವೆ ಸಲ್ಲಿಸಿದರು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರ ಮರಣಾನಂತರ.

ಕುಸ್ತಿಯಲ್ಲಿ ಭಾರತದ ಮುಂದಿನ ಒಲಿಂಪಿಕ್ ಪದಕಕ್ಕೆ 2008ರವರೆಗೆ, ಅಂದರೆ 56 ವರ್ಷ ಕಾಯಬೇಕಾಯಿತು. ಆ ನಡುವೆ ಗಟ್ಟಿ ಪೈಲ್ವಾನರು ಹುಟ್ಟದೆ ಇರಲಿಲ್ಲ. ಮ್ಯಾಟು, ತರಬೇತಿ, ಖರ್ಚಿನ ಹೊಣೆ, ನಿಯಮ ಬಲ್ಲ ಜೊತೆಗಾರ ಇವು ಸಾಲದಾಗಿದ್ದವು. ನಮ್ಮ ಶಾಲೆಯ ಮಗುವೊಂದು ಜಿಲ್ಲಾಮಟ್ಟಕ್ಕೆ ಹೊರಟಾಗ, ಬಸ್ ಚಾರ್ಜಿನ ಜೊತೆಗೆ ಆಟದ ನಿಯಮ ತಿಳಿದ ಒಬ್ಬ ಗುರುಗಳನ್ನೂ ಕಳಿಸೋಣ.